ತೊತ್ತೋಚಾನ್ ಅಜ್ಜಿಯ ರಾತ್ರಿಯೂಟ

ಜಪಾನಿನ ಟಿವಿ ಜಾಹೀರಾತಿಗೆ ಸಾಮಾನ್ಯವಾಗಿ ಸಿಗುವುದು 15 ಸೆಕೆಂಡು. ಅಷ್ಟರಲ್ಲಿ ನಗಿಸಬೇಕು, ಹಸಿವು ಕೆರಳಿಸಬೇಕು, ಊಟ ತಲುಪಿಸುವ ಆ್ಯಪ್ ಆದರೆ ಅದರ ಹೆಸರನ್ನೂ ತಲೆಗೆ ತುರುಕಬೇಕು. ನಮ್ಮ ಭಾಷಣಕಾರರಿಗೆ ಮೈಕು ಸರಿಮಾಡಿಕೊಳ್ಳಲೂ ಅಷ್ಟು ಹೊತ್ತು ಸಾಲದು.

‘ದೆಮಾಎ ಕಾನ್’ ಎಂಬ ಊಟ ಡೆಲಿವರಿ ಕಂಪನಿ ಈ ಕೆಲಸಕ್ಕೆ ಹಿಡಿದುಕೊಂಡ ಆಸಾಮಿ ಹಮಾದಾ ಮಸತೋಶಿ. ‘ಡೌನ್‌ಟೌನ್’ ಹಾಸ್ಯಜೋಡಿಯಲ್ಲಿ ಎದುರಿನವರ ತಲೆಗೆ ಪಟಾರನೆ ಬಾರಿಸುವ ಪಾತ್ರ ಈತನದು. ಅಂಥವನು ಹಾಡು ಹೇಳುತ್ತ ಊಟ ತರಿಸಿಕೊಳ್ಳಿ ಎಂದರೆ, ಬೇಡ ಅನ್ನುವ ಧೈರ್ಯ ಯಾರಿಗಿದೆ?

ಇದೇ ವ್ಯಾಪಾರದ ಊಬರ್ ಈಟ್ಸ್ 2020ರಲ್ಲಿ ಕುರೊಯಾನಗಿ ತೆತ್ಸುಕೊ ಅವರನ್ನೇ ಕರೆತಂದಿತು. ಹೌದು, ಕನ್ನಡದಲ್ಲೂ ನಾವು ಓದಿ ಮೆಚ್ಚಿದ ಪುಸ್ತಕದ ಪುಟ್ಟ ಹುಡುಗಿ ತೊತ್ತೋಚಾನ್! 1933ರಲ್ಲಿ ಹುಟ್ಟಿದ ಅಜ್ಜಿ, ದಪ್ಪ ಈರುಳ್ಳಿಯಂಥ ತುರುಬು. ನಟಿ ಕೊಮಾತ್ಸು ನಾನಾ ಜೊತೆ ಬಂದು, ‘ಈ ರಾತ್ರಿ ನಾನು ಉಣ್ಣುವುದು...’ ಎಂದು ರಾಜಾಜ್ಞೆಯ ಗತ್ತಿನಲ್ಲಿ ಸಾರುತ್ತಾರೆ. ಆ ತುರುಬಿನೊಳಗಿಂದ ಮಿಠಾಯಿ ತೆಗೆದುಕೊಡುವುದು ಟಿವಿಯಲ್ಲಿ ಅವರ ಹಳೆಯ ಚೇಷ್ಟೆ. ತಲೆಯ ಮೇಲೇ ಉಗ್ರಾಣ ಇಟ್ಟುಕೊಂಡವರಿಗೆ ಡೆಲಿವರಿ ಯಾಕೆ ಬೇಕೋ ದೇವರೇ ಬಲ್ಲ.

ಈ ಜಾಹೀರಾತುಗಳೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಮನೆಗೆ ಊಟ ಕಳಿಸುತ್ತಿದ್ದ ಹಳೇ ಕಾಲದ ಸೋಬಾ ನೂಡಲ್ ಅಂಗಡಿ. ‘ಇನ್ನೂ ಊಟ ಬಂದಿಲ್ಲವಲ್ಲಪ್ಪ’ ಎಂದು ಫೋನ್ ಮಾಡಿದರೆ, ಒಲೆಯ ಮೇಲೆ ನೀರಿಡದಿದ್ದರೂ ‘ಹುಡುಗ ಈಗಷ್ಟೇ ಹೊರಟ ಸ್ವಾಮಿ’ ಎಂಬ ಉತ್ತರ. ಅದು ಅಲ್ಲಿ ಗಾದೆಯೇ ಆಗಿಬಿಟ್ಟಿದೆ. ಈಗ ಹುಡುಗ ಯಾವ ಸಿಗ್ನಲ್ಲಿನಲ್ಲಿ ನಿಂತಿದ್ದಾನೆ ಎಂಬುದು ಮೊಬೈಲಿನ ಮ್ಯಾಪಿನಲ್ಲೇ ಕಾಣುತ್ತದೆ. ಅಷ್ಟು ಚೆಂದದ ಸುಳ್ಳನ್ನು ಕೊಂದದ್ದಕ್ಕೆ ಈ ಕಂಪನಿಗಳು ಇನ್ನೂ ನಾಲ್ಕು ತಮಾಷೆ ಜಾಹೀರಾತು ಬಾಕಿ ಉಳಿಸಿಕೊಂಡಿವೆ.