ಒಂಟಿ ಕೋಡಿನ ಎತ್ತು

ನಮ್ಮ ನವಲಗುಂದದಾಗ ಮಣ್ಣೆತ್ತಿನ ಅಮಾಸಿ ಅಂದ್ರ ಎರಿ ಮಣ್ಣು ನಾದಿ, ಜೋಡೆತ್ತು ತಿದ್ದಿ, ಮುಂದೊಂದು ಗ್ವಾದಲಿ ಇಡಬೇಕು. ಡಲ್ಲಾಸ್‌ನ್ಯಾಗಿರೋ ಅಕ್ಕನ ಮಗನೂ ಮಾಡಬೇಕಂತ ಅವ್ವನ ಹಟ. ತಮಾಷಿ ಅಂದ್ರ, ಡಲ್ಲಾಸ್ ಇರೋದೂ ಕರಿ ಮಣ್ಣಿನ ಸೀಮಿಯೊಳಗ. ನಮ್ಮಂಗ ಹತ್ತಿ ಬೆಳದ ನೆಲ, ಬ್ಯಾಸಿಗ್ಯಾಗ ನಮ್ಮಂಗ ಬಿರಿತೈತಿ. ಆದ್ರ ಅಕ್ಕನ ಅಂಗಳದ ಹುಲ್ಲು ಕಿತ್ತರ ಕಾಲನಿಯವರು ನೋಟಿಸ್ ಕೊಡ್ತಾರಂತ! ಹಿಂಗಾಗಿ ಹುಡುಗ ಡಬ್ಬಿಯೊಳಗಿನ ಪ್ಲೇ-ಡೋ ತಗೊಂಡು ಕುಂತ.

ನಮಗ ಮುಂಜಾನೆ 7.30, ಅವರಿಗೆ ಹಿಂದಿನ ದಿನದ ರಾತ್ರಿ 9. ಅಮಾಸಿ ಅಲ್ಲಿಗಿನ್ನಾ ಮುಟ್ಟಿದ್ದಿಲ್ಲ. ವಿಡಿಯೊ ಕಾಲ್‌ನ್ಯಾಗ ಎತ್ತು ಬಂತು: ಮೈ ಗುಲಾಬಿ, ಬಾಲ ನೀಲಿ, ಹಣಿ ನಡುವ ಒಂದೇ ಕೋಡು.

"ಇನ್ನೊಂದು ಕೋಡು ಎಲ್ಲೈತೋ ತಮ್ಮಾ?"

"ಆಯಿ, ಇದು ಯೂನಿಕಾರ್ನ್. ಒಂದೇ ಇರ್ತೈತಿ."

ಅವ್ವ ಚಾಳೀಸು ಏರಿಸಿ ನೋಡಿದ್ಲು. ಹುಟ್ಟಿದಾಗಿಂದ ಎತ್ತು ಕಂಡಾಕಿ, ಮೊಮ್ಮಗ ಅಂತ ಸುಳ್ಳು ಹೊಗಳಾಕ ಬರೂದಿಲ್ಲ. "ಸಂತ್ಯಾಗ ಇದಕ್ಕ ರೇಟು ಸಿಗಂಗಿಲ್ಲಪಾ. ಜೋಡಿನಾದ್ರೂ ಮಾಡು."

ಎರಡನೇದು ಮಾಡಿದ. ಅದಕ್ಕ ರೆಕ್ಕಿ ಇದ್ವು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೊಗಾ ಎಲ್ಲಿ ಇಡ್ತೀಪಾ?" ಅಂದ್ಲು.