ಮುಗೀಲಿ ಬಿಡ್ರಿ ರೊಕ್ಕ: ಆಯಿಯ ಎಲೆಸಂಚಿಯ ಸಂದರ್ಶನ

ಶಾಲೆಯ ಪ್ರವಾಸ, ಪಂದ್ಯ, ವಿದ್ಯಾರ್ಥಿ ವಿನಿಮಯ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗ ಹುಡುಗಿಯರೂ ಅಪ್ಪ-ಅವ್ವನನ್ನು ಬಿಟ್ಟು ವಿಮಾನ ಹತ್ತುವ ಕಾಲ ಬಂದಿದೆ. ಹದಿನಾರರ ಹುಡುಗಿಯ ಕೈಗೆ ಎಷ್ಟು ಖರ್ಚಿಗೆ ಕೊಡಬೇಕು ಎಂದರೆ ಬ್ಯಾಂಕಿನವರು ಒಂದು ಹೇಳುತ್ತಾರೆ, ಟ್ರಾವೆಲ್ ಏಜೆಂಟರು ಇನ್ನೊಂದು, ಸೋದರಮಾವಂದಿರು ಮತ್ತೊಂದು. ಮನೆಯ ಅತ್ಯಂತ ಹಳೆಯ ಹಣಕಾಸು ಸಂಸ್ಥೆಯನ್ನು ಮಾತ್ರ ಯಾರೂ ಕೇಳಿಲ್ಲ. ಅದು ಆಯಿಯ ಎಲೆ-ಅಡಿಕೆ ಸಂಚಿ. ಖಣದ ಬಟ್ಟೆ, ನಾಲ್ಕು ಕಿಸೆ, ಎರಡು ದಾರ, ಬಾಯಿಗೆ ಸುಣ್ಣದ ಕಲೆ; ಎಲ್ಲಕ್ಕೂ ಒಳಗಿನ ಕಿಸೆಯಲ್ಲಿ ನಾಲ್ಕು ಮಡಿಕೆಯಾಗಿ ಮಲಗಿರುವ, ತಂಬಾಕು ನಾರುವ ಒಂದು ನೋಟು. ರಿಸರ್ವ್ ಬ್ಯಾಂಕ್ ಹುಟ್ಟಿದ್ದು 1935ರಲ್ಲಿ, ತನ್ನ ವಂಶ ಅದಕ್ಕೂ ಹಳೆಯದು ಎಂಬ ಹಮ್ಮು ಸಂಚಿಯ ಮಾತಿನಲ್ಲಿ ಉದ್ದಕ್ಕೂ ಕಾಣುತ್ತದೆ.

ಮಕ್ಕಳಿಗೆ ಈಗ ಫಾರೆಕ್ಸ್ ಕಾರ್ಡ್ ಇದೆ. ಇನ್ನು ನಿಮ್ಮ ಸಲಹೆ ಯಾಕೆ?

ಕಾರ್ಡಿನ ಮ್ಯಾಲ ನನಗ ಸಿಟ್ಟಿಲ್ರೀ. ಡಾಲರ್, ಪೌಂಡ್, ಯೂರೋ ಬ್ಯಾರೆ ಬ್ಯಾರೆ ಇಟ್ಕೊಳ್ತೈತಿ. ಕಳದ್ರ ಬಂದ್ ಮಾಡಸಬಹುದು; ನಾ ಕಳದ್ರ ಹೋದಂಗ. ನನ್ನ ತಕರಾರು ದಾರದ್ದು. ನಾ ಯಾರ ಟೊಂಕದಾಗ ಇರ್ತೀನೋ ನನ್ನ ದಾರ ಅವರ ಕೈಯಾಗ. ಕಾರ್ಡ್ ಹುಡುಗಿ ಕಿಸೇದಾಗ ಇರತೈತಿ, ಅದರ ದಾರ ಮಾತ್ರ ಮೂಡಲಗ್ಯಾಗ ಅಪ್ಪನ ಮೊಬೈಲಿನಾಗ. ಆಕಿ ಅಲ್ಲಿ ಒಂದು ಕಾಫಿ ಕುಡದ್ರ ಇಲ್ಲಿ ಟಿಣ್ ಅಂತೈತಿ. "ನಾಕನೂರು ರೂಪಾಯಿ ಕಾಫಿ ಏನವಾ?" ಅಂತ ಫೋನು. ಸಂಜೀಗೆ ಆಕಿ ರೊಕ್ಕ ಸಾಲವಲ್ದು ಅಂದ್ಲಂದ್ರ ಎರಡ ನಿಮಿಷದಾಗ ಅವರ ಮತ್ತ ತುಂಬತಾರ. ಬೈಯವರೂ ಅವರ, ತುಂಬವರೂ ಅವರ. ಇದರಾಗ ಹುಡುಗಿ ಕಲತದ್ದೇನು? ಅರ್ಧ ತಾಸು ಬೈಸಿಕೊಂಡ್ರ ರೊಕ್ಕ ಬರತೈತಿ ಅಂತ ಕಲತ್ಲು. ನಾ ಹೇಳೂದು ಇಷ್ಟ: ಹೋಗೂಕ್ಕಿಂತ ಮೊದಲ ಆಕೀನ್ನೂ ಕೂಡ್ರಿಸ್ಕೊಂಡು ಒಂದು ಮೊತ್ತ ಗೊತ್ತ ಮಾಡ್ರಿ, ಕೊಟ್ಟ ಬಿಡ್ರಿ, ಮುಗದ್ರ ಮುಗೀಲಿ.

ಪರದೇಶದಲ್ಲಿ ಮಗುವಿನ ಹಣ ಮುಗಿಯಲಿ ಎನ್ನುವುದು ಕ್ರೌರ್ಯವಲ್ಲವೇ? ಜ್ವರ ಬಂದರೆ, ವಿಮಾನ ತಪ್ಪಿದರೆ, ಚೀಲ ಕಳುವಾದರೆ?

ನನಗ ನಾಕು ಕಿಸೆ ಯಾಕ ಅದಾವ ಅಂತ ಯಾರೂ ಕೇಳಂಗಿಲ್ಲ. ಎಲಿ ಇಡೂ ಕಿಸೇದಾಗ ರೊಕ್ಕ ಇಡಂಗಿಲ್ರೀ. ದಿನದ ರೊಕ್ಕ ಬ್ಯಾರೆ, ಆಪತ್ತಿನ ರೊಕ್ಕ ಬ್ಯಾರೆ. ಎರಡೂ ಒಂದ ಕಾರ್ಡಿನಾಗ ತುಂಬಿದ್ರ ಆಪತ್ತಿನ ರೊಕ್ಕ ಮೊದಲನೇ ಅಂಗಡ್ಯಾಗ ಬೂಟ ಆಗತೈತಿ. ಇದು ಆಯಿ ಮಾತಷ್ಟ ಅಲ್ಲ. ರೋಟರಿಯವರ ಯುವ ವಿನಿಮಯದಾಗ 15ರಿಂದ 19ರ ತನಕಾ ಹುಡುಗ್ರು ಪರದೇಶಕ್ಕ ಹೋಗ್ತಾರ. ನಮ್ಮ ಬೆಳಗಾವಿ ಸೀಮಿ ಅವರ 3170ನೇ ಜಿಲ್ಲಾದಾಗ ಬರತೈತಿ. ವರ್ಷದ ಸಲುವಾಗಿ ಹೋದ ಹುಡುಗನಿಗೆ ಅಲ್ಲಿಯ ಕ್ಲಬ್ಬು ತಿಂಗಳಿಗೆ ಇಷ್ಟು ಅಂತ ಕೈಖರ್ಚಿಗೆ ಕೊಡತೈತಿ. ಅಪ್ಪ-ಅವ್ವ ಆಪತ್ತಿನ ನಿಧಿ ಅಂತ ಬ್ಯಾರೆ ಕಟ್ಟಬೇಕು. ಆ ನಿಧಿ ಹುಡುಗನ ಕೈಯಾಗೂ ಇಲ್ಲ, ಅಪ್ಪನ ಮೊಬೈಲಿನಾಗೂ ಇಲ್ಲ; ಅಲ್ಲಿಯ ರೋಟರಿಯವರ ಉಸ್ತುವಾರಿ. ಜ್ವರ ಬಂದ್ರ ಅದು ಬಿಚ್ಚತೈತಿ, ಬೂಟಿಗೆ ಬಿಚ್ಚಂಗಿಲ್ಲ. ಶಾಲಿ ಪ್ರವಾಸ ಆದ್ರ ಸಂಗಾಟ ಹೋದ ಮಾಸ್ತರರ ಹತ್ರ ಲಕೋಟಿ ಕೊಡ್ರಿ. ಆಪತ್ತಿಗೆ ದಾರಿ ಮಾಡಿದ ಮ್ಯಾಲ ಉಳದದ್ದು ಮುಗದ್ರ ಹುಡುಗಿ ಉಪವಾಸ ಬೀಳಂಗಿಲ್ಲ. ಎರಡು ದಿನ ಅಂಗಡಿ ಕಿಟಕಿ ನೋಡಕೋತ ಅಡ್ಡ್ಯಾಡ್ತಾಳ, ಅಷ್ಟ.

ಹಿಂದಿನವರು ಎಂಟು ಡಾಲರ್‌ನಲ್ಲಿ ಹೋಗಿ ಬದುಕಿದರು ಎಂದು ಹೇಳಹೊರಟಿದ್ದೀರಾ?

ಮುತ್ಯಾಗಳು ಹೇಳೂ ಆ ಪುರಾಣ ನನಗ ಸೇರಂಗಿಲ್ಲ. 1966ರ ಜೂನಿನಾಗ ರೂಪಾಯಿ ಬೆಲಿ ಇಳಿಸಿದ ಮ್ಯಾಲ ಡಾಲರಿಗೆ ಏಳೂವರಿ ರೂಪಾಯಿ ಆತು. ಆ ಕಾಲದಾಗ ಪರದೇಶಕ್ಕ ಹೋಗವರಿಗೆ ಸರಕಾರ ಬಿಡತಿದ್ದ ಎಂಟು ಡಾಲರ್ ಅಂದ್ರ ಅರವತ್ತು ರೂಪಾಯಿ. ಅದನ್ನ ಶಿಸ್ತು ಅಂತಾರ, ಅದು ದೇಶದ ಬಡತನ ಆಗಿತ್ತು. ಆದ್ರ ಒಂದು ಮಾತು ನೋಡ್ರಿ, ಆಗ ಸಾಕು ಅನ್ನೂದನ್ನ ಸರಕಾರನ ಅಂತಿತ್ತು. 2004ರಾಗ ರಿಸರ್ವ್ ಬ್ಯಾಂಕ್ ವರ್ಷಕ್ಕ 25,000 ಡಾಲರ್ ತನಕಾ ಹೊರಗ ಕಳಸ್ರಿ ಅಂತು. ಈಗ ಅದು 2,50,000 ಡಾಲರ್. ಸಣ್ಣ ಮಕ್ಕಳ ಹೆಸರಿಗೂ ಅಷ್ಟ, ಅರ್ಜಿ ಮ್ಯಾಲ ಪಾಲಕರ ಸಹಿ ಬೇಕು. ನೋಟಿನ ರೂಪದಾಗ ಒಂದು ಪ್ರವಾಸಕ್ಕ ಸಾಮಾನ್ಯವಾಗಿ 3,000 ಡಾಲರ್ ಒಯ್ಯಬಹುದು. 10 ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆ ತಾನ ನಡಸಲಿ, ಮಿತಿ ಬ್ಯಾಂಕ್ ಗೊತ್ತ ಮಾಡಲಿ ಅಂತ 2025ರಾಗ ಅದ ರಿಸರ್ವ್ ಬ್ಯಾಂಕ್ ಹೇಳೈತಿ. ಅಂದ್ರ ಸರಕಾರ ಸಾಕು ಅನ್ನೂದು ಬಿಟ್ಟೈತಿ, ಅಂಗಡಿಯವ ಎಂದೂ ಅನ್ನಂಗಿಲ್ಲ, ಅಪ್ಪ ಅನ್ನಂಗಿಲ್ಲ ಯಾಕಂದ್ರ ಮಂದಿ ಏನಂದಾರು. ಉಳದವರು ಹುಡುಗಿ ಒಬ್ಬಾಕಿನ. ಆಕೀಗೆ ಹದಿನಾರಕ್ಕ ಈ ಮಾತು ಬರಲಿಲ್ಲಂದ್ರ ಇಪ್ಪತ್ತಾರಕ್ಕ ಕ್ರೆಡಿಟ್ ಕಾರ್ಡಿನವರು ಕಲಸ್ತಾರ, ಬಡ್ಡಿ ಹಚ್ಚಿ.

ಆದರೆ ಮಕ್ಕಳಿಗೆ ಒಟ್ಟಿಗೆ ಕೊಟ್ಟರೆ ಮೂರೇ ದಿನದಲ್ಲಿ ಹಾರಿಸುತ್ತಾರೆ ಎಂಬುದು ಪಾಲಕರ ಅನುಭವ.

ಈ ಮಾತು ಕಬ್ಬಿನ ಸೀಮ್ಯಾಗ ಆಡಬಾರದ್ರೀ! ಗೋಕಾಕದಿಂದ ಹುಕ್ಕೇರಿ ತನಕಾ ಕಬ್ಬಿನ ಬಿಲ್ಲು ಹೆಂಗ ಬರತೈತಿ? ಕಬ್ಬು ಕೊಟ್ಟ 14 ದಿನದಾಗ ರೊಕ್ಕ ಕೊಡಬೇಕು ಅಂತ ಕಾಯ್ದೆ ಐತಿ. ಕಾಯ್ದೆ ಕಾಯ್ದೇದ ಜಾಗಾದಾಗ ಇರತೈತಿ. ಬಂದಾಗ ಒಮ್ಮೆ ಬರತೈತಿ, ಅದರಾಗ ಗೊಬ್ಬರ, ಸೊಸೈಟಿ ಸಾಲ, ಮಗಳ ಮದವಿ, ಮುಂದಿನ ವರ್ಷ ಎಲ್ಲಾ ನಡೀಬೇಕು. ಒಟ್ಟಿಗೆ ಬಂದ ರೊಕ್ಕಾ ವರ್ಷಗಟ್ಟಲೆ ಹಂಚೂದು ಗೊತ್ತಿದ್ದ ಮನ್ಯಾಗ, ಹುಡುಗಿಗೆ ಹದಿನೈದು ದಿನ ಹಂಚಾಕ ಬರಂಗಿಲ್ಲ ಅಂತೀರಲ್ಲ, ಆಕೀನ್ನ ಆ ಲೆಕ್ಕಕ್ಕ ಎಂದರ ಕೂಡ್ರಿಸ್ಕೊಂಡೀರೇನು? ಮೂರು ದಿನದಾಗ ಹಾರಸ್ತಾಳ, ಖರೆ. ನಾಕನೇ ದಿನ ಇರೂದು ಅದಕ್ಕ. ಹತ್ತು ಸಾವಿರದಾಗ ಕಲಿಯೂದನ್ನ ಹತ್ತು ಲಕ್ಷದಾಗ ಕಲಿಯೂದಕ್ಕಿಂತ ಸೋವಿ.

ಇನ್ನೊಂದು ಹೇಳ್ತೀನಿ. 2025ರ ನವೆಂಬರಿನಾಗ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಾಗ ರೈತರು ಟನ್ನಿಗೆ 3,500 ಬೇಕು ಅಂತ ಕುಂತ್ರು, ಕಡೀಕ 3,300ಕ್ಕ ನಿಂತಿತು. ಟನ್ನಿನ ದರದ ಸಲುವಾಗಿ ರಸ್ತಾದ ಮ್ಯಾಲ ಮಲಗೂ ಮಂದಿ, ಕಾರ್ಡ್ ಕೊಡಸುವಾಗ ಡಾಲರ್ ಎಷ್ಟಕ್ಕ ಕೊಡ್ತೀರಿ ಅಂತ ಎರಡು ಕಡೆ ಕೇಳಂಗಿಲ್ಲ. ಡಾಲರ್ ತುಂಬಿದ ಕಾರ್ಡ್ ಯೂರೋದಾಗ ಉಜ್ಜಿದ್ರ ಮತ್ತ ಕಡೀತಾರ, ಕೇಳಂಗಿಲ್ಲ. ಅಲ್ಲಿ ಅಂಗಡಿ ಮಷಿನ್ "ರೂಪಾಯಿದಾಗ ಕಟ್ಟತೀಯೇನು?" ಅಂತ ಪ್ರೀತಿಯಿಂದ ಕೇಳತೈತಿ, ಊರಿನ ರೊಕ್ಕ ಕಂಡು ಹುಡುಗಿ ಹೂಂ ಅಂತಾಳ, ಅಂಗಡಿಯವ ಹಚ್ಚಿದ ದರಾನ ದರ. ಆ ದೇಶದ ರೊಕ್ಕದಾಗ ಕಟ್ಟಬೇಕು ಅಂತ ಆಕೀಗೆ ಒಂದು ಮಾತು ಹೇಳಿ ಕಳಸಿದ್ರ ಅದು ಇಪ್ಪತ್ತು ಫೋನಿನ ಕೆಲಸ ಮಾಡತೈತಿ.

ಅಲ್ಲಿನ ಬೆಲೆಯೇ ಗೊತ್ತಿಲ್ಲದೆ ಮೊತ್ತ ಗೊತ್ತು ಮಾಡುವುದು ಹೇಗೆ?

ಈ ಪ್ರಶ್ನೆಗೆ ಜೀವ ಐತಿ. ಬಸ್ಸು, ಮಧ್ಯಾಹ್ನದ ಊಟ ಇಂಥವು ಬೇಕಬೇಕಾದವು. ಅವನ್ನ ಅಲ್ಲಿಯವರ್ನ ಕೇಳಿ ಮೊದಲ ಬ್ಯಾರೆ ತಗೀರಿ. ಉಳದದ್ದು ಹೌಸಿಂದು, ಅದಕ್ಕ ಸರಿಯಾದ ಮೊತ್ತ ಅನ್ನೂದ ಇಲ್ಲ. ತಿಂಗಳಾನುಗಟ್ಟಲೆ ಇರವರಾದ್ರ ವಾರಾ ಇಷ್ಟು ಅಂತ ಹಾಕ್ರಿ, ತಾರೀಕು ಮೊದಲ ಹೇಳ್ರಿ. ತಾರೀಕಿಗೆ ಬರೂ ರೊಕ್ಕ ಪಗಾರ ಇದ್ದಂಗ. ಅತ್ತಾಗ ಬರೂ ರೊಕ್ಕ ಬ್ಯಾರೆ. ಲೆಕ್ಕ ತಪ್ಪಿ ಬಸ್ಸಿಗೇ ಸಾಲದಿದ್ರ ಹೆಚ್ಚ ಮಾಡ್ರಿ, ತಪ್ಪು ನಿಮ್ದು.

ಕೊನೆಯದಾಗಿ, ಉಳಿದ ಹಣ?

ಉಳಸಿದ್ದು ಆಕೀದ. ವಾಪಸ್ ಕಸಗೊಂಡ್ರ ಮುಂದಿನ ಸಲ ಎಲ್ಲಾ ಹಾರಿಸಿಯೇ ಬರ್ತಾಳ, ಶ್ಯಾಣ್ಯಾಕಿ. ಕಾಯ್ದೇ ಪ್ರಕಾರ ಪರದೇಶದ ನೋಟು 2,000 ಡಾಲರ್ ತನಕಾ ಮನ್ಯಾಗ ಇಟ್ಕೋಬಹುದು, ಹೆಚ್ಚಿಂದು 180 ದಿನದಾಗ ಬ್ಯಾಂಕಿಗೆ ಕೊಡಬೇಕು. ಚಿಲ್ಲರಿಗೆ ಮಿತಿನ ಇಲ್ಲ. ಮನಿ ಚೇಂಜ್ ಮಾಡವರು ಅದನ್ನ ಮುಟ್ಟಂಗೂ ಇಲ್ಲ. ನನ್ನ ಸುಣ್ಣದ ಡಬ್ಬಿ ಕಿಸೆ ಖಾಲಿ ಐತಿ, ಬಾಡಿಗಿ ಕೇಳಂಗಿಲ್ಲ ಅಂತ ಆಕೀಗೆ ಹೇಳ್ರಿ.