ಎರಡನೆಯ ಗೋಕಾಕ ವರದಿ

ಗೋಕಾಕ ವರದಿ ಎಂದರೆ ನಾಡಿನ ಜನಕ್ಕೆ ನೆನಪಾಗುವುದು 1981ರ ಭಾಷಾ ಸಮಿತಿಯ ವರದಿ. ಅದರ ಅಧ್ಯಕ್ಷ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ; ಗೋಕಾಕ ಊರಿಗೂ ಆ ವರದಿಗೂ ಇರುವುದು ಅಡ್ಡಹೆಸರಿನ ನಂಟು ಮಾತ್ರ. ಖುದ್ದು ಗೋಕಾಕ ಸೀಮೆಯ ರಸ್ತೆ ಬದಿಯಲ್ಲಿ, ಬಾನೆಟ್ ತೆರೆದುಕೊಂಡು ನಿಂತ ಡೀಸೆಲ್ ಕಾರಿನ ಸಮ್ಮುಖದಲ್ಲಿ ಸಿದ್ಧವಾಗಬೇಕಾದ ವರದಿಯೊಂದು ಬಾಕಿ ಉಳಿದಿತ್ತು. ಆ ಬಾಕಿಯನ್ನು ಇಲ್ಲಿ ತೀರಿಸಲಾಗಿದೆ. ಅಧ್ಯಯನದ ವ್ಯಾಪ್ತಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು. ಸಮಸ್ಯೆ ಇಷ್ಟು: ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಚಾಲೂ ಆಗುವುದಿಲ್ಲ.

ಪೂರ್ವಸೂರಿಗಳಲ್ಲಿ ಮೊದಲಿಗ ರುಡಾಲ್ಫ್ ಡೀಸೆಲ್. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಎಂಜಿನಿಯರು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನನ್ನು ಓಡಿಸಿ ತೋರಿಸಿದ. ಗಾಳಿಯನ್ನು ಬಲವಾಗಿ ಹಿಂಡಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಎಣ್ಣೆ ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ ಎಂಬುದು ಅವನ ದರ್ಶನ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಶೇಂಗಾ ಎಣ್ಣೆಯ ಮೇಲೆ ಓಡಿತು. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯನ್ನು ಆಗ ಯಾರೂ ಸಂಪರ್ಕಿಸಲಿಲ್ಲ. 1913ರಲ್ಲಿ ಡೀಸೆಲ್ ಇಂಗ್ಲೆಂಡಿಗೆ ಹೋಗುವಾಗ ರಾತ್ರೋರಾತ್ರಿ ಹಡಗಿನಿಂದ ಕಾಣೆಯಾದ. ಹೀಗಾಗಿ ಮುಂದಿನ ಸಂಶಯಗಳನ್ನು ಕೇಳಲು ನಮಗೆ ಉಳಿದವರು ಮಿಸ್ತ್ರಿಗಳು.

ಪ್ರಮಾಣ ವಿಚಾರ. ಹೊಗೆಯಿದ್ದಲ್ಲಿ ಬೆಂಕಿ ಎಂದು ನೈಯಾಯಿಕರು ಸಾವಿರಾರು ವರ್ಷಗಳಿಂದ ಬೆಟ್ಟ ತೋರಿಸಿಕೊಂಡು ಬಂದಿದ್ದಾರೆ. ಅವರು ಡೀಸೆಲ್ ಗಾಡಿ ನೋಡಿರಲಿಲ್ಲ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬೆಳ್ಳಗಿನ ಹೊಗೆ ಬಂದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತಿದೆ, ಬೆಂಕಿ ಹತ್ತುತ್ತಿಲ್ಲ ಎಂದರ್ಥ. ಅಂದರೆ ಹೊಗೆಯಿದ್ದಲ್ಲಿ ಬೆಂಕಿಯಿಲ್ಲ. ಆಗ ಗ್ಲೋ ಪ್ಲಗ್ಗನ್ನೋ ಕಂಪ್ರೆಶನ್ನನ್ನೋ ಸಂಶಯಿಸಬೇಕು. ಹೊಗೆಯೇ ಇಲ್ಲದಿದ್ದರೆ ಎಣ್ಣೆಯೇ ಮುಟ್ಟುತ್ತಿಲ್ಲ. ಈ ವರದಿಗೆ ಸಂಬಂಧಿಸಿದ್ದು ಈ ಎರಡನೆಯ ನಿರ್ಧೂಮಾವಸ್ಥೆ. ಅದರ ಕಾರಣದ ಬಗ್ಗೆ ಮೂರು ಪಂಥಗಳಿವೆ. ಊರುಗಳ ಹೆಸರನ್ನು ಅವಕ್ಕೆ ಇಟ್ಟವರು ನಾವು. ಆಯಾ ಊರಿನ ಗ್ಯಾರೇಜಿನವರು ಒಪ್ಪಬೇಕೆಂದಿಲ್ಲ.

ಗೋಕಾಕದ್ದು ಜಲವಾದ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡುತ್ತ ಬೆಳೆದವರಿಗೆ ಎಲ್ಲ ಕೇಡಿನಲ್ಲೂ ನೀರು ಕಾಣುವುದು ಸಹಜ. ಆದರೆ ವಾದದಲ್ಲಿ ಹುರುಳಿದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಯಾಗುತ್ತದೆ. ಲೀಟರ್ ಡೀಸೆಲ್ ಸುಮಾರು 830 ಗ್ರಾಂ, ನೀರು ಸಾವಿರ. ಆದ್ದರಿಂದ ನೀರು ತಳಕ್ಕಿಳಿದು ಕೂರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿ, ಕಪ್ಪನೆಯ ಲೋಳೆ ಕಟ್ಟಿ, ಫಿಲ್ಟರ್ ಮುಚ್ಚುತ್ತವೆ. ಈ ಅಂಟಿಗೂ ಗೋಕಾಕದ ಕರದಂಟಿನ ಅಂಟಿಗೂ ಯಾವ ಸಂಬಂಧವೂ ಇಲ್ಲವೆಂದು ವರದಿ ಸ್ಪಷ್ಟಪಡಿಸುತ್ತದೆ. ಪರೀಕ್ಷೆ: ಫಿಲ್ಟರಿನ ಬುಡದ ಡ್ರೇನ್ ಸ್ಕ್ರೂ ಸಡಿಲಿಸಿ, ಪಾರದರ್ಶಕ ಬಾಟಲಿಯಲ್ಲಿ ಒಂದಿಷ್ಟು ಹಿಡಿದು, ನೆಲದ ಮೇಲಿಟ್ಟು ಸುಮ್ಮನೆ ಕಾಯುವುದು. ಎರಡು ಪದರ ಬಿದ್ದರೆ ಜಲವಾದ ಸಿದ್ಧ. ಸುಮ್ಮನೆ ಕಾಯುವ ಭಾಗದಲ್ಲಿ ಹೆಚ್ಚಿನ ಸಂಶೋಧಕರು ಸೋಲುತ್ತಾರೆ.

ಮೂಡಲಗಿ ತಾಲೂಕು ಗೋಕಾಕದಿಂದ ಒಡೆದು ಬಂದದ್ದು. ಪಂಥವೂ ಹಾಗೆಯೇ ಒಡೆದುಕೊಂಡಿತು. ಅದು ವಾಯುವಾದ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಪಳಗಿದ ಈ ಪಂಥದ ಮಹಾವಾಕ್ಯ ಒಂದೇ: “ಏರ್ ಹಿಡದೈತ್ರಿ.” ನನ್ನ ಮಟ್ಟಿಗೆ ಮೂರರಲ್ಲಿ ಹೆಚ್ಚು ಸೂಕ್ಷ್ಮವಾದದ್ದು ಇದೇ. ಕಾರಣ, ಇದು ಸೋರದ ಸೋರಿಕೆಯನ್ನು ಪ್ರತಿಪಾದಿಸುತ್ತದೆ. ಬಹುಪಾಲು ಹಳೆಯ ಗಾಡಿಗಳಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಣ್ಣೆಯನ್ನು ಯಾರೂ ದೂಡುವುದಿಲ್ಲ. ಎಂಜಿನ್ ಬದಿಯ ಪಂಪು ಎಳೆದುಕೊಳ್ಳುತ್ತದೆ. ಆ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಒಂದು ಹನಿ ಡೀಸೆಲ್ಲೂ ಹೊರಗೆ ಬೀಳುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ನೆಲ ಒಣಗಿದೆ, ಪೈಪು ಒಣಗಿದೆ, ಆದರೂ ಸೋರಿದೆ. ಇಂಥ ಪ್ರಮೇಯ ಕೈಗೆ ಸಿಕ್ಕಿದ್ದರೆ ಯಾವ ಮಠದಲ್ಲೂ ಒಂದು ಚಾತುರ್ಮಾಸ ಸಾಕಾಗುತ್ತಿರಲಿಲ್ಲ. ರಾತ್ರಿ ಗಾಳಿ ಸೇರಿ ಎಣ್ಣೆ ಟ್ಯಾಂಕಿಗೆ ಹಿಂದಿರುಗುವುದರಿಂದ ಕಾರು ಬೆಳಿಗ್ಗೆ ಮೊಂಡು ಹಿಡಿಯುತ್ತದೆ, ಒಮ್ಮೆ ಚಾಲೂ ಆದರೆ ಸಂಜೆವರೆಗೂ ಸಾಧುವಾಗಿರುತ್ತದೆ. ಖಂಡನೆಗೂ ಮಂಡನೆಗೂ ಒಂದೇ ಉಪಾಯ: ಫಿಲ್ಟರಿಗೆ ಹೋಗುವ ಪೈಪನ್ನು ಕಳಚಿ, ಬಾನೆಟ್ಟಿನೊಳಗೇ ಚೊಕ್ಕ ಡೀಸೆಲ್ಲಿನ ಬಾಟಲಿಯಿಂದ ಎಣ್ಣೆ ಕುಡಿಸುವುದು, ವಾಪಸ್ ಪೈಪನ್ನೂ ಅದೇ ಬಾಟಲಿಗೆ ಬಿಡುವುದು. ಕಾರು ಸರಿಯಾಗಿ ಓಡಿದರೆ ದೋಷ ಬಾಟಲಿಯ ಹಿಂದೆ, ಟ್ಯಾಂಕಿನ ಕಡೆಗಿದೆ. ಬಾಟಲಿಗೆ ಹತ್ತು ರೂಪಾಯಿಯ ಬೆಲೆಯೂ ಇಲ್ಲ. ಅದಕ್ಕೇ ಇರಬೇಕು, ಇದನ್ನು ಬಿಲ್ಲಿನಲ್ಲಿ ಕಂಡವರಿಲ್ಲ.

ಹುಕ್ಕೇರಿಯದು ವಿದ್ಯುದ್ವಾದ. ಗ್ರಾಮೀಣ ವಿದ್ಯುತ್ತಿಗೆ ತನ್ನದೇ ಸಹಕಾರ ಸಂಘ ಕಟ್ಟಿಕೊಂಡು ಅರ್ಧ ಶತಮಾನ ದಾಟಿಸಿದ ತಾಲೂಕು ವೈರಿನಲ್ಲಿ ನಂಬಿಕೆ ಇಡದೆ ಮತ್ತೆಲ್ಲಿ ಇಟ್ಟೀತು? ಈ ಪಂಥದವರು ಎಣ್ಣೆ ಮುಟ್ಟುವುದಿಲ್ಲ, ಸ್ಕ್ಯಾನರ್ ಚುಚ್ಚುತ್ತಾರೆ. ಪರದೆಯ ಮೇಲೆ ಪಿ0087 ಎಂದು ಮೂಡುತ್ತದೆ: ರೇಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಎಣ್ಣೆ ಹಂಚುವ ಕೊಳವೆಯಲ್ಲಿ, ಒತ್ತಡ ಕಡಿಮೆ. ಕೂಡಲೇ ಒತ್ತಡ ಅಳೆಯುವ ಸೆನ್ಸರ್ ಬದಲಿಸಲು ಹೇಳುತ್ತಾರೆ. ಆದರೆ ಫಿಲ್ಟರ್ ಕಟ್ಟಿದರೂ, ಏರ್ ಹಿಡಿದರೂ, ಪಂಪು ಸವೆದರೂ, ಒಂದು ಇಂಜೆಕ್ಟರ್ ಎಣ್ಣೆಯನ್ನೆಲ್ಲ ವಾಪಸ್ ಬಿಟ್ಟರೂ ಬರುವುದು ಇದೇ ಸಂಖ್ಯೆ. ನಾಲ್ಕು ಇಂಜೆಕ್ಟರುಗಳ ವಾಪಸ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಸೆಲ್ಫ್ ಹೊಡೆದರೆ, ಯಾವುದು ಬೇಗ ತುಂಬುತ್ತದೋ ಅದೇ ಕಳ್ಳ. ಇಲ್ಲೂ ಬಾಟಲಿಯೇ.

ನಿಷೇಧ ಪ್ರಕರಣ, ಇದರಲ್ಲಿ ತಮಾಷೆಯಿಲ್ಲ. ಹಳೆಯ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರಿನ ನಟ್ ಸಡಿಲಿಸಿ, ಸೆಲ್ಫ್ ಹೊಡೆಸಿ, ನೊರೆ ಹೋಗಿ ಚೊಕ್ಕ ಎಣ್ಣೆ ಬಂದ ಮೇಲೆ ಬಿಗಿಯುವ ಪದ್ಧತಿಯುಂಟು. ಕಾಮನ್ ರೇಲ್ ಕಾರಿನಲ್ಲಿ ಅದನ್ನು ಮಾಡಕೂಡದು. ಅಲ್ಲಿ ಒತ್ತಡ 1600 ಬಾರ್‌ವರೆಗೂ ಏರುತ್ತದೆ. ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ.

ಇನ್ನು ಉದಾಹರಣೆ. ಕಬ್ಬಿನ ಸೀಜನ್ನಿನಲ್ಲಿ ಗುರ್ಲಾಪುರ ಕ್ರಾಸಿನ ಬಳಿ ಒಂದು ಕಾರು ನಿಂತಿದೆಯೆಂದು ಭಾವಿಸೋಣ. ಮೂರೂ ಪಂಥದವರು ನೆರೆದಿದ್ದಾರೆ. ವಾದ ಎರಡನೆಯ ಚಹಾಕ್ಕೆ ತಲುಪಿದಾಗ ಆಡು ಕಾಯುವ ಮುದುಕನೊಬ್ಬ ಬಂದು, “ಡೀಸೆಲ್ ಐತೇನ್ರಿ ಸಾಹೇಬ್ರ? ಮೊದಲ ಅದನ್ನ ನೋಡ್ರಿ,” ಎನ್ನುತ್ತಾನೆ. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿದೆ ಎಂದು ಸಭೆ ನಗುತ್ತದೆ. ಮುದುಕ ಬಗ್ಗಿ ಕೋಲಿನಿಂದ ಟ್ಯಾಂಕ್ ಬಡಿಯುತ್ತಾನೆ, ಡೊಳ್ಳಿನ ಸದ್ದು. ಮುಳ್ಳಿಗೆ ಸುದ್ದಿ ಕೊಡುವ ಫ್ಲೋಟ್ ಸಿಕ್ಕಿಕೊಂಡಿದೆ. ಇದೇ ನಾಲ್ಕನೆಯ ಪಂಥ, ಶೂನ್ಯವಾದ.

ಬೈಕಿನಲ್ಲಿ ಹೋದ ಹುಡುಗ ಕ್ಯಾನಿನಲ್ಲಿ ಐದು ಲೀಟರ್ ತರುತ್ತಾನೆ. ಸುರಿದರೂ ಕಾರು ಚಾಲೂ ಆಗುವುದಿಲ್ಲ, ಏಕೆಂದರೆ ಟ್ಯಾಂಕ್ ಬರಿದಾದಾಗ ಪೈಪಿನ ತುಂಬ ಗಾಳಿ ಸೇರಿದೆ. ಮೂಡಲಗಿಯವರು ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಹಿಂಡಿ ಗೆಲ್ಲುತ್ತಾರೆ. ಎಂಜಿನ್ ಎದ್ದು, ಮುಗ್ಗರಿಸಿ, ಬೀಳುತ್ತದೆ: ಕ್ಯಾನಿನಲ್ಲಿ ಮೊದಲೇ ನೀರಿತ್ತು. ಗೋಕಾಕದವರು ಡ್ರೇನ್ ಸ್ಕ್ರೂ ಬಿಚ್ಚಿ ಬಾಟಲಿ ಹಿಡಿದು ಎರಡು ಪದರವನ್ನು ಸಭೆಗೆ ತೋರಿಸುತ್ತಾರೆ. ಅಷ್ಟರಲ್ಲಿ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಕೂತಿದೆ. ಹುಕ್ಕೇರಿಯವರು ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಕೇಬಲ್ ಹಚ್ಚುತ್ತಾರೆ. ಕಾರು ಚಾಲೂ ಆಗುತ್ತದೆ. ಮೂಲ ಕಾರಣ ಯಾವುದೆಂದು ಚರ್ಚೆ ಮತ್ತೆ ಆರಂಭವಾಗುತ್ತದೆ. ಅದು ಮುಗಿಯುವವರೆಗೆ ಯಾರೂ ಎಂಜಿನ್ ಬಂದ್ ಮಾಡಕೂಡದೆಂಬ ಒಂದು ಠರಾವನ್ನು ಮಾತ್ರ ಸಭೆ ಸರ್ವಾನುಮತದಿಂದ ಪಾಸು ಮಾಡುತ್ತದೆ.